ವಾಲಿದ ಬೆನ್ನು: ಶಸ್ತ್ರಚಿಕಿತ್ಸೆ ಬೇಕೆ, ಬೇಡವೆ?

ಬೆಳೆಯುವ ವಯಸ್ಸಿನ ಮಕ್ಕಳ ಬೆನ್ನುಮೂಳೆ ಒಂದು ಪಕ್ಕಕ್ಕೆ ಡೊಂಕಾಗುವ ತೊಂದರೆಯೊಂದುಂಟು. ವೈದ್ಯರು ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಬೆನ್ನಿನ ಪಕ್ಕವಾಲು ಎಂದು ನಾವು ಹೇಳಿಕೊಳ್ಳಬಹುದು. ಈ ತೊಂದರೆಯಿರುವ ಮಕ್ಕಳಲ್ಲಿ ಬಹುಪಾಲಿನವರಿಗೆ ಶಸ್ತ್ರ ಮುಟ್ಟಿಸುವ ಅಗತ್ಯವೇ ಬೀಳುವುದಿಲ್ಲ. ಕೆಲವರಿಗೆ ಮಾತ್ರ ಬೀಳುತ್ತದೆ. ಆ ಕೆಲವರಲ್ಲಿ ನಿಮ್ಮ ಮಗು ಸೇರಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ, ತಿಳಿದ ಮೇಲೆ ಮನೆಯವರೆಲ್ಲ ಕೂಡಿ ಒಂದು ನಿರ್ಧಾರಕ್ಕೆ ಬರುವುದು ಹೇಗೆ ಎಂಬುದೇ ಈ ಹೊತ್ತಿನ ವಿಷಯ.

ಈ ತೊಂದರೆ ಸಾಮಾನ್ಯವಾಗಿ ನೋವನ್ನು ಮುಂದಿಟ್ಟುಕೊಂಡು ಬರುವುದಿಲ್ಲ. ಆದುದರಿಂದ ಇದನ್ನು ಮೊದಲು ಕಾಣುವವರು ವೈದ್ಯರಲ್ಲ. ಶಾಲೆಯ ಸಮವಸ್ತ್ರಕ್ಕೆ ಅಳತೆ ತೆಗೆಯುವ ದರ್ಜಿ, "ಇವಳ ಒಂದು ಭುಜ ಮೇಲೆ ಉಂಟಲ್ಲ" ಎನ್ನುತ್ತಾನೆ. ದೀಪಾವಳಿಯ ಎಣ್ಣೆಸ್ನಾನದ ದಿನ ಬೆನ್ನಿಗೆ ಎಣ್ಣೆ ತಿಕ್ಕುವ ಅಜ್ಜಿಯ ಕೈಗೆ ಒಂದು ಬದಿಯ ಪಕ್ಕೆಲುಬು ಉಬ್ಬಿದಂತೆ ತಾಗುತ್ತದೆ. ಹತ್ತು ಹನ್ನೊಂದು ವರ್ಷವಾದ ಮೇಲೆ ಮಕ್ಕಳು ತಾವೇ ಸ್ನಾನ ಮಾಡಿಕೊಳ್ಳುತ್ತಾರೆ, ಬಾಗಿಲು ಹಾಕಿಕೊಂಡು ಬಟ್ಟೆ ತೊಡುತ್ತಾರೆ. ವಕ್ರತೆ ವೇಗವಾಗಿ ಬೆಳೆಯುವ ಕಾಲವೂ ಅದೇ, ತಾಯಿಯ ಕಣ್ಣಿಗೆ ಮಗುವಿನ ಬೆನ್ನು ಮರೆಯಾಗುವ ಕಾಲವೂ ಅದೇ.

ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆಯೊಂದಿದೆ. ಇಂಗ್ಲೆಂಡಿನ ವಿಲಿಯಂ ಆಡಮ್ಸ್ ಎಂಬ ಶಸ್ತ್ರವೈದ್ಯನು ೧೮೬೫ರಲ್ಲಿ ಇದನ್ನು ವಿವರಿಸಿದನು. ಇಂದಿಗೂ ವೈದ್ಯರು ಅದನ್ನೇ ಮಾಡುತ್ತಾರೆ. ಮಗು ಎರಡು ಪಾದಗಳನ್ನೂ ಜೋಡಿಸಿ, ಮೊಣಕಾಲು ಮಡಚದೆ, ಅಂಗೈಗಳನ್ನು ಕೂಡಿಸಿಕೊಂಡು ಮುಂದಕ್ಕೆ ಬಾಗಲಿ. ನೀವು ಹಿಂದೆ ನಿಂತು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಎರಡು ಬದಿಯೂ ಸಮವಾಗಿದ್ದರೆ ಚಿಂತೆಯಿಲ್ಲ. ಒಂದು ಬದಿಯ ಪಕ್ಕೆಲುಬು ಅಥವಾ ಸೊಂಟದ ಬದಿ ದಿಣ್ಣೆಯಂತೆ ಎದ್ದು ಕಂಡರೆ ವೈದ್ಯರಿಗೆ ತೋರಿಸಬೇಕು. ವರ್ಷಕ್ಕೆ ಎರಡು ಸಲ, ಹತ್ತರಿಂದ ಹದಿನೈದು ವರ್ಷದವರೆಗೆ, ಇಷ್ಟು ನೋಡಿದರೆ ಸಾಕು. ಸರಕಾರಿ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ೨೦೧೩ರಿಂದ ನಡೆಯುತ್ತಿದೆ. ಆ ತಂಡ ಶಾಲೆಗೆ ಬಂದ ದಿನ ಬೆನ್ನನ್ನೂ ಒಮ್ಮೆ ನೋಡಿರೆಂದು ಕೇಳಿಕೊಳ್ಳಲು ತಂದೆತಾಯಿಗಳು ಸಂಕೋಚಪಡಬೇಕಾಗಿಲ್ಲ.

ಇನ್ನು ಇದು ಏನೆಂದು ನೋಡೋಣ. ನಮ್ಮ ಬೆನ್ನುಮೂಳೆ ಒಂದೇ ಎಲುಬಲ್ಲ. ಕೊರಳಿನಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫, ಹೀಗೆ ೨೪ ಮಣಿಗಳನ್ನು ಒಂದರ ಮೇಲೊಂದು ಇರಿಸಿದ ಕಂಬ ಅದು. ಮಣಿಗಳ ನಡುವಿನ ಕೊಳವೆಯಲ್ಲಿ ಮಿದುಳಿನಿಂದ ಇಳಿದ ಬೆನ್ನುಹುರಿ ಇರುತ್ತದೆ. ಪಕ್ಕವಾಲಿನಲ್ಲಿ ಈ ಕಂಬ ಬರಿದೇ ಬಾಗುವುದಿಲ್ಲ, ಬಾಗುತ್ತ ತಿರುಚಿಕೊಳ್ಳುತ್ತದೆ. ಬಿಸಿಲನ್ನು ಹುಡುಕಿಕೊಂಡು ಹೋಗುವ ಅಡಕೆ ಮರ ಬಾಗುವ ಬಗೆ ಒಂದು, ಹಗ್ಗ ಹುರಿಗೊಳ್ಳುವಾಗ ತಿರುಚುವ ಬಗೆ ಇನ್ನೊಂದು; ಇಲ್ಲಿ ಎರಡೂ ಕೂಡಿಯೇ ನಡೆಯುತ್ತವೆ. ಮಣಿಗಳು ತಿರುಚಿದಾಗ ಅವುಗಳಿಗೆ ಅಂಟಿದ ಪಕ್ಕೆಲುಬುಗಳೂ ಜೊತೆಗೆ ತಿರುಗಿ ಒಂದು ಬದಿಯಲ್ಲಿ ಉಬ್ಬಾಗಿ ಕಾಣುತ್ತವೆ. ಮುಂದಕ್ಕೆ ಬಾಗುವ ಗೂನು ಬೇರೆ, ಇದು ಬೇರೆ.

ಭಾಗವತದ ಕುಬ್ಜೆಯ ಕಥೆ ನಿಮಗೆಲ್ಲ ಗೊತ್ತಿದೆ. ಮೂರು ಕಡೆ ಡೊಂಕಾಗಿದ್ದ ಅವಳ ಪಾದಗಳನ್ನು ಶ್ರೀಕೃಷ್ಣನು ತನ್ನ ಪಾದದಿಂದ ಒತ್ತಿಹಿಡಿದು, ಎರಡು ಬೆರಳಿನಿಂದ ಗಲ್ಲವನ್ನೆತ್ತಿದಾಗ ಅವಳ ಮೈ ನೆಟ್ಟಗಾಯಿತು. ಎಳೆದರೆ ಬೆನ್ನು ನೆಟ್ಟಗಾದೀತೆಂಬ ಆಸೆ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ. ಗ್ರೀಸಿನ ಪ್ರಾಚೀನ ವೈದ್ಯರೂ ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ ಎರಡು ತುದಿಯಿಂದ ಎಳೆಸುತ್ತಿದ್ದರು. ಆದರೆ ಮನುಷ್ಯರ ಕೈಯಿಂದ ಎಳೆದ ಬೆನ್ನು, ಕೈ ಬಿಟ್ಟೊಡನೆ ಹಿಂದಿನಂತೆಯೇ ಆಗುತ್ತದೆ. ಎಣ್ಣೆ ತಿಕ್ಕಿಸುವುದು, ಲಟಿಕೆ ತೆಗೆಸುವುದು, ಪಟ್ಟು ಹಾಕಿಸುವುದು ಇವುಗಳಿಂದ ಡೊಂಕಾದ ಬೆನ್ನುಮೂಳೆ ನೆಟ್ಟಗಾಗುವುದಿಲ್ಲ. ಬಲವಾಗಿ ಜಗ್ಗಿ ತಿರುಗಿಸುವುದರಲ್ಲಿ ಅಪಾಯವೂ ಉಂಟು. ಮಿತವಾದ ವ್ಯಾಯಾಮ, ಈಜು, ಆಟ ಇವು ಒಳ್ಳೆಯವೇ. ಮೈ ಗಟ್ಟಿಯಾಗುತ್ತದೆ, ನಿಲುವು ಸುಧಾರಿಸುತ್ತದೆ. ದೊಡ್ಡ ವಕ್ರತೆಯನ್ನು ಅವು ಅಳಿಸಿಹಾಕುತ್ತವೆಂದು ಮಾತ್ರ ನಂಬಿ ಕೂರಬಾರದು.

ಕಾರಣವೇನೆಂದು ತಾಯಂದಿರು ಕೇಳುತ್ತಾರೆ. ಹಾಗೆ ಕೇಳುವಾಗ ತಮ್ಮದೇ ತಪ್ಪಿರಬಹುದೆಂಬ ಅಳುಕು ಆ ಪ್ರಶ್ನೆಯೊಳಗೆ ಇರುತ್ತದೆ. ಶಾಲೆಯ ಚೀಲದ ಭಾರದಿಂದ ಇದು ಬರುವುದಿಲ್ಲ. ಕೂರುವ ಭಂಗಿಯಿಂದ ಬರುವುದಿಲ್ಲ. ಕೂಸನ್ನು ಒಂದೇ ಸೊಂಟದ ಮೇಲೆ ಎತ್ತಿಕೊಂಡದ್ದರಿಂದಲೂ ಬರುವುದಿಲ್ಲ. ನೂರರಲ್ಲಿ ಸುಮಾರು ೮೦ ಮಕ್ಕಳಲ್ಲಿ ಇದಕ್ಕೆ ಇಂಥದೇ ಕಾರಣವೆಂದು ವೈದ್ಯಶಾಸ್ತ್ರ ಬೆರಳಿಟ್ಟು ತೋರಿಸಿಲ್ಲ. ಕೆಲವು ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುವುದರಿಂದ ವಂಶದ ಪಾಲು ಇದೆಯೆಂದು ತಿಳಿದಿದೆ. ಚಿಕ್ಕ ವಕ್ರತೆ ಗಂಡು ಹೆಣ್ಣು ಇಬ್ಬರಲ್ಲೂ ಹೆಚ್ಚುಕಡಿಮೆ ಸಮವಾಗಿ ಕಾಣುತ್ತದೆ; ಅದು ದೊಡ್ಡದಾಗಿ ಬೆಳೆಯುವುದು ಹೆಣ್ಣು ಮಕ್ಕಳಲ್ಲೇ ಬಹಳ ಹೆಚ್ಚು.

ಉಳಿದ ಮಕ್ಕಳಲ್ಲಿ ಎರಡು ಬಗೆ. ಕೆಲವರಿಗೆ ಗರ್ಭದಲ್ಲೇ ಒಂದು ಮಣಿ ಅರ್ಧವಾಗಿ ಬೆಳೆದೋ, ಎರಡು ಮಣಿಗಳು ಒಂದು ಬದಿಯಲ್ಲಿ ಅಂಟಿಕೊಂಡೋ ಇರುತ್ತದೆ. ಇನ್ನು ಕೆಲವರಿಗೆ ನರಗಳ ಅಥವಾ ಸ್ನಾಯುಗಳ ದೌರ್ಬಲ್ಯದಿಂದ ಬೆನ್ನು ಕುಸಿಯುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಆಸುಪಾಸಿನಲ್ಲಿ, ಗೇರು ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದ ಹಳ್ಳಿಗಳಲ್ಲಿ, ಅಂಗಾಂಗಗಳ ಶಕ್ತಿ ಕುಂದಿ ಹಾಸಿಗೆಯಲ್ಲೇ ಇರುವ ಮಕ್ಕಳನ್ನು ಈ ಜಿಲ್ಲೆಯವರು ಬಲ್ಲರು. ನಡೆಯಲಾರದ, ಕುಳಿತರೆ ಒಂದು ಕಡೆಗೆ ಜರಿಯುವ ಇಂಥ ಮಕ್ಕಳ ಬೆನ್ನಿನ ವಿಷಯದಲ್ಲಿ ಪ್ರಶ್ನೆಯೇ ಬೇರೆ. ಅಲ್ಲಿ ರೂಪದ ಮಾತಿಲ್ಲ. ಶಸ್ತ್ರಚಿಕಿತ್ಸೆಯಿಂದ ಮಗು ನೆಟ್ಟಗೆ ಕೂರಬಲ್ಲುದೇ, ಉಸಿರಾಟ ಸುಗಮವಾದೀತೇ, ಎತ್ತಿ ಇಳಿಸುವ ತಾಯಿಯ ಕೆಲಸ ಹಗುರಾದೀತೇ, ಆ ದೊಡ್ಡ ಚಿಕಿತ್ಸೆಯನ್ನು ತಡೆದುಕೊಳ್ಳುವ ಬಲ ಮಗುವಿನಲ್ಲಿದೆಯೇ ಎಂಬುದನ್ನು ತೂಗಬೇಕಾಗುತ್ತದೆ. ಮುಂದೆ ನಾನು ಹೇಳುವುದು ಹೆಚ್ಚಾಗಿ ಮೊದಲನೆಯ ಬಗೆಯ ಮಕ್ಕಳನ್ನು ಕುರಿತು. ಅಂದರೆ ಬೇರೆಲ್ಲ ವಿಧದಲ್ಲೂ ಆರೋಗ್ಯವಾಗಿದ್ದು, ಹದಿವಯಸ್ಸಿನಲ್ಲಿ ಬೆನ್ನು ವಾಲಿದವರನ್ನು ಕುರಿತು.

ವಕ್ರತೆಯನ್ನು ಅಳೆಯುವುದು ಡಿಗ್ರಿಗಳಲ್ಲಿ. ಅಮೆರಿಕದ ಜಾನ್ ಕಾಬ್ ಎಂಬ ವೈದ್ಯನು ೧೯೪೮ರಲ್ಲಿ ಅದರ ಕ್ರಮವನ್ನು ತಿಳಿಸಿಕೊಟ್ಟನು. ನಿಂತ ಭಂಗಿಯಲ್ಲಿ ತೆಗೆದ ಕ್ಷ-ಕಿರಣ ಚಿತ್ರದಲ್ಲಿ ಅತ್ಯಂತ ಓರೆಯಾದ ಮೇಲಿನ ಮಣಿಗೂ ಕೆಳಗಿನ ಮಣಿಗೂ ಗೆರೆ ಎಳೆದು ನಡುವಿನ ಕೋನವನ್ನು ಅಳೆಯುತ್ತಾರೆ. ೧೦ ಡಿಗ್ರಿಗಿಂತ ಕಡಮೆಯಾದರೆ ಅದನ್ನು ರೋಗವೆಂದೇ ಎಣಿಸುವುದಿಲ್ಲ. ೧೦ ಡಿಗ್ರಿಯೋ ಅದಕ್ಕೆ ಮೇಲೋ ಇರುವ ಮಕ್ಕಳು ಹದಿವಯಸ್ಸಿನವರಲ್ಲಿ ನೂರಕ್ಕೆ ೨ರಿಂದ ೩. ಅವರಲ್ಲಿ ಚಿಕಿತ್ಸೆ ಬೇಕಾಗುವವರು ಹತ್ತರಲ್ಲಿ ಒಬ್ಬರಷ್ಟು. ಅಳತೆಯಲ್ಲಿ ಐದು ಡಿಗ್ರಿಯವರೆಗೆ ಹೆಚ್ಚುಕಡಿಮೆಯಾಗುವುದುಂಟು. ಆದುದರಿಂದ ಒಬ್ಬರು ೨೨ ಎಂದು ಇನ್ನೊಬ್ಬರು ೨೫ ಎಂದರೆ ಬೆನ್ನು ಕೆಟ್ಟಿತೆಂದು ಗಾಬರಿಯಾಗಬಾರದು. ಹಳೆಯ ಚಿತ್ರಗಳನ್ನೆಲ್ಲ ಜೋಪಾನವಾಗಿಟ್ಟು ಪ್ರತಿಸಲವೂ ಒಯ್ಯಿರಿ. ಕಳೆದ ಬಾರಿಯ ಚಿತ್ರದೊಡನೆ ಮಾತ್ರವಲ್ಲ, ಮೊಟ್ಟಮೊದಲಿನ ಚಿತ್ರದೊಡನೆಯೂ ಹೋಲಿಸಬೇಕು.

ಆದರೆ ಡಿಗ್ರಿಯೊಂದರಿಂದಲೇ ಏನೂ ತೀರ್ಮಾನವಾಗುವುದಿಲ್ಲ. ಒಂದೇ ಶಾಲೆಯ ಇಬ್ಬರು ಹುಡುಗಿಯರನ್ನು ಎಣಿಸಿಕೊಳ್ಳಿ. ಇಬ್ಬರ ವಕ್ರತೆಯೂ ೩೫ ಡಿಗ್ರಿ. ಒಬ್ಬಳಿಗೆ ಹನ್ನೊಂದು ವರ್ಷ, ಇನ್ನೂ ಋತುಮತಿಯಾಗಿಲ್ಲ. ಅವಳು ಇನ್ನು ಮೇಲೆ ಎತ್ತರ ಬೆಳೆಯಬೇಕಾದವಳು. ಇನ್ನೊಬ್ಬಳಿಗೆ ಹದಿನಾರು ವರ್ಷ, ಋತುಮತಿಯಾಗಿ ಮೂರು ವರ್ಷ ಕಳೆದಿದೆ. ಅವಳ ಬೆಳವಣಿಗೆ ಮುಗಿದಿದೆ. ಎರಡನೆಯವಳಿಗೆ ಆಗಾಗ ನೋಡಿಸಿಕೊಳ್ಳುವುದರ ಹೊರತು ಪ್ರಾಯಶಃ ಏನೂ ಬೇಡ. ಮೊದಲನೆಯವಳು ಒಂದು ತಿಂಗಳನ್ನೂ ವ್ಯರ್ಥಮಾಡದೆ ಚಿಕಿತ್ಸೆಗೆ ತೊಡಗಬೇಕು. ವಕ್ರತೆ ಬೆಳೆಯುವುದು ಮಗುವಿನ ಬೆಳವಣಿಗೆಯ ಬೆನ್ನು ಹತ್ತಿ. ಇನ್ನೆಷ್ಟು ಬೆಳವಣಿಗೆ ಉಳಿದಿದೆ ಎಂಬುದನ್ನು ಸೊಂಟದ ಎಲುಬಿನ ಅಂಚಿನಿಂದಲೂ ಕೈಯ ಎಲುಬುಗಳಿಂದಲೂ ವೈದ್ಯರು ಕಂಡುಕೊಳ್ಳುತ್ತಾರೆ. "ಎಷ್ಟು ಡಿಗ್ರಿ?" ಎಂದು ಕೇಳುವ ತಂದೆತಾಯಿಗಳು "ಇನ್ನೆಷ್ಟು ಬೆಳವಣಿಗೆ ಉಳಿದಿದೆ?" ಎಂಬುದನ್ನೂ ಅದರ ಜೊತೆಯಲ್ಲೇ ಕೇಳಬೇಕು.

ಬೆಳೆಯುವ ಮಗುವಿಗೆ ಸುಮಾರು ೨೫ರಿಂದ ೪೦ ಡಿಗ್ರಿವರೆಗಿನ ವಕ್ರತೆಯಿದ್ದರೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚವೊಂದನ್ನು ತೊಡಿಸುತ್ತಾರೆ. ಬ್ರೇಸ್ ಎನ್ನುವುದು ಇದಕ್ಕೆ. ಇದರಿಂದ ಪ್ರಯೋಜನವುಂಟೇ ಎಂಬ ವಾದ ಬಹುಕಾಲ ನಡೆದಿತ್ತು. ಅಮೆರಿಕ ಮತ್ತು ಕೆನಡಾಗಳ ಆಸ್ಪತ್ರೆಗಳಲ್ಲಿ ೨೪೨ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ೨೦೧೩ರಲ್ಲಿ ಪ್ರಕಟವಾದ ಮೇಲೆ ಆ ವಾದ ಬಹುಮಟ್ಟಿಗೆ ಮುಗಿಯಿತು. ಕವಚ ತೊಟ್ಟವರಲ್ಲಿ ನೂರಕ್ಕೆ ೭೨ ಮಂದಿ ೫೦ ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ತೊಡದವರಲ್ಲಿ ೪೮ ಮಂದಿ. ದಿನಕ್ಕೆ ಸುಮಾರು ೧೩ ಗಂಟೆಗಿಂತ ಹೆಚ್ಚು ತೊಟ್ಟವರಲ್ಲಿ ನೂರಕ್ಕೆ ೯೦ಕ್ಕೂ ಮೇಲ್ಪಟ್ಟು ಗುಣ ಕಂಡಿತು. ಈ ಲೆಕ್ಕವನ್ನು ಎರಡು ಬದಿಯಿಂದಲೂ ಓದಬೇಕು. ಕವಚ ತೊಡದೆಯೂ ಅರ್ಧದಷ್ಟು ಮಕ್ಕಳು ಪಾರಾದರು. ತೊಟ್ಟೂ ಕೆಲವರು ಪಾರಾಗಲಿಲ್ಲ. ಹಾಗಾಗಿ ಕವಚ ತೊಟ್ಟ ಮಗುವಿಗೂ ಶಸ್ತ್ರಚಿಕಿತ್ಸೆ ಬೇಕಾದರೆ ಅದು ಮಗುವಿನ ಸೋಮಾರಿತನದ ಫಲವೆಂದು ದೂಷಿಸುವುದು ಅನ್ಯಾಯ.

ನಮ್ಮ ಕರಾವಳಿಯ ಸೆಕೆಯಲ್ಲಿ, ಅದರಲ್ಲೂ ಏಪ್ರಿಲ್ ಮೇ ತಿಂಗಳಲ್ಲಿ, ಈ ಕವಚವನ್ನು ಹೊತ್ತಿರುವುದು ಸುಲಭವಲ್ಲ. ಒಳಗೆ ತೆಳುವಾದ ಹತ್ತಿಯ ಬನಿಯನ್ ತೊಡಿಸಿ, ದಿನಕ್ಕೆರಡು ಸಲ ಬದಲಾಯಿಸಿ, ಬೆವರುಸಾಲೆ ಏಳದಂತೆ ಚರ್ಮವನ್ನು ಒಣಗಿಸಿ ಇಡಬೇಕು. ಶಾಲೆಯಲ್ಲಿ ಸಹಪಾಠಿಗಳು ನಕ್ಕಾರೆಂಬ ಹೆದರಿಕೆಯೇ ಹೆಚ್ಚಾದರೆ, ಸಂಜೆಯಿಂದ ಬೆಳಗಿನವರೆಗೆ ತೊಟ್ಟು ಗಂಟೆಗಳನ್ನು ಕೂಡಿಸುವ ದಾರಿ ಇದೆಯೇ ಎಂದು ವೈದ್ಯರಲ್ಲಿ ಕೇಳಿ. ತರಗತಿಯ ಅಧ್ಯಾಪಕರಿಗೆ ವಿಷಯ ತಿಳಿಸಿಡಿ. ಮಗು ಕವಚವನ್ನು ಬಿಚ್ಚಿ ಮಂಚದಡಿಗೆ ತಳ್ಳಿದ್ದನ್ನು ಕಂಡಾಗ ಗದರುವುದಕ್ಕಿಂತ ಅದರ ಅಂಚು ಎಲ್ಲಿ ಚುಚ್ಚುತ್ತದೆಂದು ಕೇಳಿ, ಸರಿಮಾಡಿಸುವುದು ಹೆಚ್ಚು ಫಲ ಕೊಡುತ್ತದೆ.

ಈಗ ಶಸ್ತ್ರಚಿಕಿತ್ಸೆಯ ಮಾತಿಗೆ ಬರೋಣ. ವಕ್ರತೆ ೪೫ರಿಂದ ೫೦ ಡಿಗ್ರಿ ದಾಟಿದಾಗ ವೈದ್ಯರು ಅದರ ಪ್ರಸ್ತಾಪ ಮಾಡುತ್ತಾರೆ. ಆ ಗೆರೆ ಅಲ್ಲಿಯೇ ಏಕೆ? ಚಿಕಿತ್ಸೆ ಪಡೆಯದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದವರು ಕಂಡುಕೊಂಡದ್ದೇನೆಂದರೆ, ಬೆಳವಣಿಗೆ ಮುಗಿಯುವಾಗ ೩೦ ಡಿಗ್ರಿಯೊಳಗಿದ್ದ ವಕ್ರತೆ ಆಮೇಲೆ ಅಪರೂಪಕ್ಕೆ ಬೆಳೆಯುತ್ತದೆ. ಎದೆಯ ಭಾಗದಲ್ಲಿ ೫೦ ದಾಟಿದ್ದು ದೊಡ್ಡವರಾದ ಮೇಲೂ ನಿಲ್ಲದೆ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಬೆಳೆಯುತ್ತ ಹೋಗುತ್ತದೆ. ಹದಿನೈದು ವರ್ಷದಲ್ಲಿ ೫೨ ಇದ್ದದ್ದು ನಲವತ್ತೈದರ ಹೊತ್ತಿಗೆ ೮೦ರ ಸಮೀಪಕ್ಕೆ ಬಂದೀತು. ೮೦ರ ಆಚೆಗೆ ಎದೆಗೂಡು ಇಕ್ಕಟ್ಟಾಗಿ ಉಸಿರು ಸಾಲದಾಗುವ ಸಂಭವ ಹೆಚ್ಚು.

ಇನ್ನೊಂದು ಬದಿಯನ್ನೂ ಮರೆಮಾಚದೆ ಹೇಳಬೇಕು. ಅಮೆರಿಕದ ಅಯೋವಾ ಪ್ರಾಂತದಲ್ಲಿ ಚಿಕಿತ್ಸೆ ಪಡೆಯದ ೧೧೭ ಮಂದಿಯನ್ನು ಐವತ್ತು ವರ್ಷಗಳ ತರುವಾಯ ಪರೀಕ್ಷಿಸಿದ ವರದಿ ೨೦೦೩ರಲ್ಲಿ ಹೊರಬಂತು. ಅವರು ಬೇರೆಯವರಿಗಿಂತ ಬೇಗ ಸಾಯಲಿಲ್ಲ. ಕೆಲಸ ಮಾಡಿದರು, ಸಂಸಾರ ನಡೆಸಿದರು. ಆದರೆ ಬಹುದಿನದ ಬೆನ್ನುನೋವು ಅವರಲ್ಲಿ ನೂರಕ್ಕೆ ೬೧ ಮಂದಿಗೆ ಇತ್ತು. ಅದೇ ವಯಸ್ಸಿನ ಉಳಿದವರಲ್ಲಿ ೩೫ ಮಂದಿಗೆ. ತಮ್ಮ ಮೈಯ ರೂಪದ ಬಗ್ಗೆ ಕೊರಗೂ ಅವರಲ್ಲಿ ಹೆಚ್ಚಾಗಿತ್ತು. ಅಂದ ಮೇಲೆ ೫೦ ಡಿಗ್ರಿಯ ಬೆನ್ನಿನ ಮಗುವಿಗೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಪ್ರಾಣ ಹೋದೀತೆಂದು ಯಾರಾದರೂ ಹೆದರಿಸಿದರೆ ಅದು ಸರಿಯಲ್ಲ. ಮಾಡಿಸದಿದ್ದರೂ ಏನೂ ಆಗದೆಂದು ಯಾರಾದರೂ ಸಮಾಧಾನ ಹೇಳಿದರೆ ಅದೂ ಸರಿಯಲ್ಲ.

ಈ ಶಸ್ತ್ರಚಿಕಿತ್ಸೆಯಲ್ಲಿ ಮಾಡುವುದೇನು? ನ್ಯೂಯಾರ್ಕಿನ ರಸೆಲ್ ಹಿಬ್ಸ್ ೧೯೧೪ರಲ್ಲಿ ಡೊಂಕಾದ ಭಾಗದ ಮಣಿಗಳನ್ನು ಒಂದಕ್ಕೊಂದು ಬೆಸೆಯುವ ಕ್ರಮವನ್ನು ಆರಂಭಿಸಿದನು. ಪೋಲಿಯೋದಿಂದ ಬೆನ್ನು ಕುಸಿದ ಮಕ್ಕಳನ್ನು ಕಂಡು ಮರುಗಿದ ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್ ಉಕ್ಕಿನ ಸರಳನ್ನು ಜೋಡಿಸುವ ವಿಧಾನ ಕಂಡುಹಿಡಿದು ೧೯೬೨ರಲ್ಲಿ ಪ್ರಕಟಿಸಿದನು. ಆಗ ಮಗು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿರಬೇಕಾಗಿತ್ತು. ೧೯೮೦ರ ದಶಕದಲ್ಲಿ ಫ್ರಾನ್ಸಿನ ಕೊತ್ರೆಲ್ ಮತ್ತು ದ್ಯುಬುಸೆ ಎಂಬ ವೈದ್ಯರು ಎರಡು ಸರಳುಗಳನ್ನು ಹಲವು ಕಡೆ ಹಿಡಿದು, ತಿರುಚನ್ನೂ ಬಿಡಿಸುವ ಕ್ರಮವನ್ನು ತಂದರು. ಈಗ ಮಣಿಗಳಿಗೆ ತಿರುಪು ಮೊಳೆಗಳನ್ನು ಕೂರಿಸಿ, ಅವುಗಳಿಗೆ ಸರಳು ಜೋಡಿಸಿ ಬೆನ್ನನ್ನು ಸರಿಪಡಿಸುತ್ತಾರೆ. ನಡುನಡುವೆ ಎಲುಬಿನ ಚೂರುಗಳನ್ನು ಇರಿಸುತ್ತಾರೆ. ಕೆಲವು ತಿಂಗಳಲ್ಲಿ ಅವು ಬಲಿತು ಆ ಮಣಿಗಳೆಲ್ಲ ಒಂದೇ ಎಲುಬಾಗುತ್ತವೆ. ಸರಳು ಎಳೆಯ ಗಿಡಕ್ಕೆ ಕಟ್ಟಿದ ಊರೆಗೋಲಿನಂತೆ. ಕೊನೆಗೆ ಭಾರ ಹೊರುವುದು ಬೆಸೆದ ಎಲುಬೇ. ಸಾಮಾನ್ಯವಾಗಿ ವಕ್ರತೆ ಅರ್ಧಕ್ಕಿಂತ ಹೆಚ್ಚು ಕಡಮೆಯಾಗುತ್ತದೆ. ಮಗು ಒಂದೆರಡು ದಿನದಲ್ಲಿ ಎದ್ದು ನಿಲ್ಲುತ್ತದೆ, ಸುಮಾರು ಒಂದು ವಾರದೊಳಗೆ ಮನೆಗೆ ಬರುತ್ತದೆ, ನಾಲ್ಕರಿಂದ ಆರು ವಾರದಲ್ಲಿ ಶಾಲೆಗೆ ಹೋಗುತ್ತದೆ.

ಇದಕ್ಕೆ ಕೊಡಬೇಕಾದ ಬೆಲೆಯೂ ಉಂಟು. ಬೆಸೆದ ಭಾಗ ಮತ್ತೆ ಬಾಗುವುದಿಲ್ಲ. ಎದೆಯ ಭಾಗದ ಬೆಸುಗೆ ಅಷ್ಟಾಗಿ ತಿಳಿಯುವುದಿಲ್ಲ. ಸೊಂಟದ ಕೆಳಗಿನವರೆಗೂ ಬೆಸೆದರೆ ಬಾಗಿ ಏಳುವಾಗ ತಿಳಿಯುತ್ತದೆ. ನೆತ್ತರು ನಷ್ಟವಾಗುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಗಾಯ ಕೀವಾಗಬಹುದು. ವರ್ಷಗಳು ಕಳೆದ ಮೇಲೆ ಮೊಳೆ ಸಡಿಲಿ ಅಥವಾ ಸರಳು ಮುರಿದು ಕೆಲವರಿಗೆ ಇನ್ನೊಂದು ಚಿಕಿತ್ಸೆ ಬೇಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಶಕ್ತಿ ಹೋಗುವುದು. ಹದಿವಯಸ್ಸಿನ ಈ ಬಗೆಯ ಮಕ್ಕಳಲ್ಲಿ ನರಗಳಿಗೆ ತೊಂದರೆಯಾಗುವುದು ನೂರಕ್ಕೆ ಒಂದಕ್ಕಿಂತಲೂ ಕಡಮೆ. ಆದವರಲ್ಲೂ ಹಲವರು ಚೇತರಿಸಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ನರಗಳ ಸಂಕೇತಗಳನ್ನು ಯಂತ್ರದಲ್ಲಿ ನೋಡುತ್ತಿರುವ ಏರ್ಪಾಡು ಈಗ ಬಂದಿದೆ. ಸಂಕೇತ ಕುಂದಿದರೆ ವೈದ್ಯರು ತಕ್ಷಣ ಸರಳನ್ನು ಸಡಿಲಿಸಬಲ್ಲರು.

ಬಿ.ಸಿ.ರೋಡಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆಗೆ ಕೈಕಂಬದಲ್ಲಿ ಚಿಕ್ಕ ಅಂಗಡಿ. ತಾಯಿ ಬೀಡಿ ಕಟ್ಟುತ್ತಾರೆ. ಒಂಬತ್ತನೆಯ ತರಗತಿಯ ಮಗಳ ಬೆನ್ನು ೫೨ ಡಿಗ್ರಿ ಎಂದು ಮಂಗಳೂರಿನಿಂದ ತಿಳಿದುಬಂದಿದೆ. ರಾತ್ರಿ ಊಟವಾದ ಮೇಲೆ ಮಾತು ನಡೆಯುತ್ತದೆ.

"ಬೆನ್ನಿಗೆ ಕತ್ತಿ ಹಾಕಿಸಿದರೆ ಕಾಲು ಹೋಗುತ್ತದಂತೆ. ನನಗೆ ಧೈರ್ಯ ಇಲ್ಲ" ಎನ್ನುತ್ತಾರೆ ತಂದೆ.

"ಮದುವೆಯ ವಯಸ್ಸಿಗೆ ಮೊದಲೇ ಮಾಡಿಸಿಬಿಡು ಮಗಾ. ನಾಳೆ ನೋಡಲು ಬಂದವರು ಕೇಳಿದರೆ ಏನು ಹೇಳುವುದು?" ಎನ್ನುತ್ತಾರೆ ಅಜ್ಜಿ.

"ಅತ್ತೇ, ಬೆನ್ನುದ್ದ ಗಾಯದ ಗುರುತು ಇದ್ದರೆ ಆಗಲೂ ಕೇಳುವುದಿಲ್ಲವೇ?" ಎನ್ನುತ್ತಾರೆ ತಾಯಿ. "ಹತ್ತನೆಯ ತರಗತಿ ಮುಗಿಯಲಿ, ಆಮೇಲೆ ನೋಡುವ."

ಇವರಲ್ಲಿ ಯಾರ ಮಾತನ್ನೂ ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ತಂದೆಯ ಭಯಕ್ಕೆ ಆಧಾರವಿದೆ. ಆದರೆ ಅದು ಎಷ್ಟು ದೊಡ್ಡದೆಂದು ಮೇಲೆ ಹೇಳಿದೆ. ತನ್ನ ಮಗಳಂಥವರಿಗೆ ನೀವು ವರ್ಷಕ್ಕೆ ಎಷ್ಟು ಈ ಬಗೆಯ ಚಿಕಿತ್ಸೆ ಮಾಡುತ್ತೀರಿ, ನರಗಳನ್ನು ನೋಡುವ ಯಂತ್ರ ನಿಮ್ಮಲ್ಲಿದೆಯೇ ಎಂದು ಅವರು ಶಸ್ತ್ರವೈದ್ಯರನ್ನು ನೇರವಾಗಿ ಕೇಳಬೇಕು. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ತಾಯಿಯ ಪ್ರಶ್ನೆ ಕಾಲವನ್ನು ಕುರಿತದ್ದು. ೫೨ ಡಿಗ್ರಿ ನಾಳೆ ಬೆಳಗಾಗುವುದರೊಳಗೆ ಮಾಡಿಸಬೇಕಾದ ತುರ್ತಲ್ಲ. ಇನ್ನೊಬ್ಬ ತಜ್ಞರನ್ನು ಕಾಣಲು, ಹಣ ಹೊಂದಿಸಲು, ಬೇಸಗೆ ರಜೆಯನ್ನು ಆರಿಸಿಕೊಳ್ಳಲು ಸಮಯವಿರುತ್ತದೆ. ಆದರೆ ಹುಡುಗಿ ಇನ್ನೂ ಬೆಳೆಯುತ್ತಿದ್ದರೆ ಎರಡು ವರ್ಷ ತಳ್ಳುವುದು ಬೇರೆ. ೭೦ ದಾಟಿದ ಗಡುಸು ಬೆನ್ನನ್ನು ಸರಿಪಡಿಸುವುದು ಕಷ್ಟ, ಬೆಸೆಯಬೇಕಾದ ಮಣಿಗಳೂ ಹೆಚ್ಚಾಗಬಹುದು. ಸುಮ್ಮನೆ ಕಾಯುವುದೂ ಒಂದು ನಿರ್ಧಾರವೇ. ಇಂಥ ತಿಂಗಳಿಗೆ ಮತ್ತೆ ಅಳತೆ, ಇಷ್ಟಾದರೆ ಹೀಗೆ ಎಂದು ಗೊತ್ತುಮಾಡಿಕೊಂಡು ಕಾಯಬೇಕು.

ಅಜ್ಜಿಯ ಮಾತು ಬಹಳ ಮನೆಗಳಲ್ಲಿ ಬರುವಂಥದು. ಯಕ್ಷಗಾನದಲ್ಲಿ ಗೂನಿನ ಮಂಥರೆ ರಂಗಕ್ಕೆ ಬಂದಾಗ ನಕ್ಕ ನಾವು, ನಮ್ಮ ಮನೆಯ ಹುಡುಗಿಯ ಬೆನ್ನು ವಾಲಿದಾಗ ಆ ನಗೆಗೆ ಹೆದರುತ್ತೇವೆ. ರೂಪದ ಕೊರಗು ಹಗುರವಾದ ವಿಷಯವಲ್ಲ; ಆದರೆ ಅದು ಹುಡುಗಿಯದೇ ಕೊರಗಾಗಿರಬೇಕು, ನೋಡಲು ಬರುವವರದ್ದಲ್ಲ. ಮದುವೆಗಾಗಿ ೩೫ ಡಿಗ್ರಿಯ ಬೆನ್ನಿಗೆ ಶಸ್ತ್ರ ಹಿಡಿಸುವುದು ತಪ್ಪು. ಮದುವೆ ನಿಂತೀತೆಂದು ೬೦ ಡಿಗ್ರಿಯದನ್ನು ಬಚ್ಚಿಡುವುದೂ ತಪ್ಪು. ಹೆರಿಗೆಯ ಬಗ್ಗೆ ಇರುವ ಅಂಜಿಕೆಗೂ ಆಧಾರ ಕಡಮೆ. ಈ ಚಿಕಿತ್ಸೆಯಾದ ಹೆಣ್ಣುಮಕ್ಕಳು ಸಾಮಾನ್ಯವಾಗಿ ಸುಖವಾಗಿ ಗರ್ಭಧರಿಸಿ ಹೆರುತ್ತಾರೆ. ಬೆನ್ನಿಗೆ ಕೊಡುವ ಅರಿವಳಿಕೆ ಚುಚ್ಚುಮದ್ದು ಕೆಲವರಲ್ಲಿ ಕಷ್ಟವಾಗಬಹುದಾದ್ದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು, ಅಷ್ಟೆ.

ಇಷ್ಟೆಲ್ಲ ಮಾತು ನಡೆಯುವಾಗ ಆ ಹುಡುಗಿ ಎಲ್ಲಿದ್ದಾಳೆ? ಒಳಕೋಣೆಯಲ್ಲಿ ಪುಸ್ತಕ ತೆರೆದಿಟ್ಟು ಎಲ್ಲವನ್ನೂ ಕೇಳುತ್ತಿದ್ದಾಳೆ. ಅವಳನ್ನು ಕರೆದು ಕೂರಿಸಿಕೊಳ್ಳಿ. ಚಿತ್ರವನ್ನು ಅವಳ ಕೈಗೇ ಕೊಡಿ. ಹದಿಮೂರು ಹದಿನಾಲ್ಕು ವರ್ಷದ ಮಗುವಿಗೆ ತನ್ನ ಬೆನ್ನಿನ ವಿಷಯ ತಿಳಿಯದು ಎನ್ನುವಂತಿಲ್ಲ. ನೋವೆಷ್ಟು, ಕನ್ನಡಿಯ ಮುಂದೆ ನಿಂತಾಗ ಏನನ್ನಿಸುತ್ತದೆ, ಯಾವುದಕ್ಕೆ ಹೆಚ್ಚು ಹೆದರಿಕೆ, ನೃತ್ಯವೋ ಆಟವೋ ಬಿಡಲಾರದ್ದು ಏನಾದರೂ ಉಂಟೋ ಎಂದು ಕೇಳಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ತಂದೆತಾಯಿಗಳೇ. ಆದರೆ ಎಚ್ಚರವಾದಾಗ ನೋವನ್ನು ತಡೆದು, ಉಸಿರಿನ ವ್ಯಾಯಾಮ ಮಾಡಿ, ಎದ್ದು ನಡೆಯಬೇಕಾದವಳು ಅವಳು. ತಿಳಿದು ಒಪ್ಪಿದ ಮಗು ಬೇಗ ಚೇತರಿಸಿಕೊಳ್ಳಲು ಮನಸ್ಸು ಮಾಡುತ್ತದೆ. ಅವಳು ಒಪ್ಪದಿದ್ದರೆ ಕಾರಣವನ್ನು ಕೇಳಿ, ಆ ಪ್ರಶ್ನೆಯನ್ನೂ ಬರೆದುಕೊಂಡು ವೈದ್ಯರ ಬಳಿಗೆ ಅವಳನ್ನೇ ಕರೆದೊಯ್ಯಿರಿ.

ತೀರ ಎಳೆಯ ಮಕ್ಕಳ ವಿಷಯದಲ್ಲಿ ಒಂದು ಮಾತು. ಹತ್ತು ವರ್ಷದೊಳಗೆ ಬೆನ್ನು ವಾಲಿದರೆ ಅಪಾಯ ಹೆಚ್ಚು, ಏಕೆಂದರೆ ಶ್ವಾಸಕೋಶಗಳೂ ಆಗಲೇ ಬೆಳೆಯಬೇಕು. ಆದರೆ ಆ ವಯಸ್ಸಿನಲ್ಲೇ ಬೆನ್ನನ್ನು ಉದ್ದಕ್ಕೆ ಬೆಸೆದುಬಿಟ್ಟರೆ ಎದೆ ಗಿಡ್ಡವಾಗಿ ಉಳಿಯುತ್ತದೆ. ಲಂಡನ್ನಿನಲ್ಲಿ ಸೇವೆ ಸಲ್ಲಿಸಿದ ಮಿನ್ ಮೆಹ್ತಾ ಎಂಬ ವೈದ್ಯೆ, ಕೂಸುಗಳಿಗೆ ಹಂತಹಂತವಾಗಿ ಪ್ಲಾಸ್ಟರ್ ಕವಚ ಹಾಕುತ್ತ ಹೋದರೆ ಬೆಳವಣಿಗೆಯೇ ಬೆನ್ನನ್ನು ತಿದ್ದುತ್ತದೆಂದು ೧೩೬ ಮಕ್ಕಳಲ್ಲಿ ಕಂಡು ೨೦೦೫ರಲ್ಲಿ ಪ್ರಕಟಿಸಿದರು. ಅದು ಸಾಲದಾದವರಿಗೆ ಮಗುವಿನ ಜೊತೆ ಉದ್ದವಾಗಿಸಬಹುದಾದ ಸರಳುಗಳಿವೆ. ಎಳೆಯ ಮಗುವಿನ ಬೆನ್ನು ವಾಲಿದ್ದು ಕಂಡರೆ "ಬೆಳೆಯುತ್ತ ಸರಿಯಾಗುತ್ತದೆ" ಎಂದು ಬಿಡಬೇಡಿ. ಮಣಿಗಳನ್ನು ಬೆಸೆಯದೆ ಹಗ್ಗದಂಥ ಪಟ್ಟಿಯಿಂದ ಹಿಡಿದಿಡುವ ಹೊಸ ಕ್ರಮಕ್ಕೆ ಅಮೆರಿಕದಲ್ಲಿ ೨೦೧೯ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಆಯ್ದ ಮಕ್ಕಳಿಗೆ ಮಾತ್ರ, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವವೂ ಅದರಲ್ಲಿ ಹೆಚ್ಚು.

ಹಣದ ಮಾತು ಉಳಿಯಿತು. ಮೊಳೆ ಸರಳುಗಳ ಬೆಲೆಯೇ ಹೆಚ್ಚಾದ್ದರಿಂದ ಈ ಚಿಕಿತ್ಸೆ ಅಗ್ಗದ್ದಲ್ಲ. ೨೦೧೮ರಲ್ಲಿ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಯೋಜನೆ ಬಂದಿದೆ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಅದರಲ್ಲಿ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ನೆರವುಂಟು. ಸರಕಾರಿ ಆಸ್ಪತ್ರೆಯ ಶಿಫಾರಸಿನ ಮೂಲಕ ಹೋಗುವುದು ಇದರ ಕ್ರಮ. ಆದುದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯವರು ಮೊದಲು ತಮ್ಮ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಬಿ.ಸಿ.ರೋಡಿನಿಂದ ಅದು ಸುಮಾರು ೨೫ ಕಿಲೋಮೀಟರ್. ಖಾಸಗಿ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿ ಮುಂಗಡ ಕೊಟ್ಟ ಮೇಲೆ ಕಾರ್ಡನ್ನು ಹುಡುಕಬೇಡಿ. ಯೋಜನೆಯಲ್ಲಿ ಏನೇನು ಸೇರುತ್ತದೆ, ಮೊಳೆ ಸರಳುಗಳೂ ಸೇರಿವೆಯೇ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ತಿಳಿದುಕೊಳ್ಳಿ.

ವೈದ್ಯರ ಬಳಿಗೆ ಹೋಗುವಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಷ್ಟು ಡಿಗ್ರಿ, ಕಳೆದ ಸಲಕ್ಕಿಂತ ಎಷ್ಟು ಹೆಚ್ಚು? ಇನ್ನೆಷ್ಟು ಬೆಳವಣಿಗೆ ಉಳಿದಿದೆ? ಕವಚದ ಕಾಲ ಮುಗಿದಿದೆಯೇ? ಈಗ ಮಾಡಿಸದಿದ್ದರೆ ಐದು ವರ್ಷದ ಮೇಲೆ ಹೇಗಿದ್ದೀತು? ಎಷ್ಟು ಮಣಿಗಳನ್ನು ಬೆಸೆಯುವಿರಿ, ಎಲ್ಲಿಯವರೆಗೆ? ಎಂ.ಆರ್.ಐ. ಚಿತ್ರ ಬೇಕೇ? ಮಗುವಿಗೆ ರಾತ್ರಿ ಎಚ್ಚರಿಸುವಷ್ಟು ಬೆನ್ನುನೋವಿದ್ದರೆ, ಕಾಲಿನಲ್ಲಿ ಬಲ ಕಡಮೆಯೆನಿಸಿದರೆ, ಮೂತ್ರ ಹಿಡಿತ ತಪ್ಪಿದರೆ ಈ ಪ್ರಶ್ನೆಗಳಿಗೆಲ್ಲ ಕಾಯದೆ ತಡಮಾಡದೆ ತೋರಿಸಬೇಕು.

ಬಿ.ಸಿ.ರೋಡಿನಲ್ಲಿ ಒಂದು ದಾರಿ ಶಿರಾಡಿಯ ಕಡೆಗೂ ಇನ್ನೊಂದು ಚಾರ್ಮಾಡಿಯ ಕಡೆಗೂ ಒಡೆಯುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿದವನಿಗೆ ಅಲ್ಲಿ ಗೊಂದಲವಿಲ್ಲ. ಹಾಗೆಯೇ ೨೦ ಡಿಗ್ರಿಯ ಮಗುವಿನ ಮನೆಯವರು ನೋಡುತ್ತಿದ್ದರೆ ಸಾಕು, ೩೦ ಡಿಗ್ರಿಯ ಬೆಳೆಯುವ ಮಗುವಿನ ಮನೆಯವರು ಕವಚಕ್ಕೆ ತಡಮಾಡಬಾರದು, ೫೦ ದಾಟಿದ ಮಗುವಿನ ಮನೆಯವರು ಹೆದರಿಕೆಯನ್ನೂ ಆಸೆಯನ್ನೂ ಲೆಕ್ಕದ ಎದುರಿಗಿಟ್ಟು, ಮಗುವನ್ನು ಜೊತೆಗೆ ಕೂರಿಸಿಕೊಂಡು, ಕೆಲವು ವಾರಗಳಲ್ಲಿ ಒಂದು ತೀರ್ಮಾನಕ್ಕೆ ಬರಬೇಕು. ಆ ತೀರ್ಮಾನ ಯಾವುದೇ ಆಗಲಿ, ನೆರೆಯವರ ಬಾಯಿಗೆ ಹೆದರಿ ಮಾಡಿದ್ದಾಗದಿರಲಿ. ಬರುವ ಭಾನುವಾರ ನಿಮ್ಮ ಮನೆಯ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಒಮ್ಮೆ ಮುಂದಕ್ಕೆ ಬಾಗಿಸಿ ನೋಡಿ. ಅದಕ್ಕೆ ಬೇಕಾದದ್ದು ಎರಡು ನಿಮಿಷ ಮಾತ್ರ.